ಎಣ್ಣೆ, ಕರ್ಪೂರ, ಕೊಲೆಸ್ಟರಾಲ್: ಎಲ್ಲ ಒಂದೇ ಬಳಗ



ರಾಜ್ಯೋತ್ಸವದ ದಿನ ಸಭಾಗೃಹದ ಹಿಂದೆ ನಿಂತು ನಿಮಗೆಲ್ಲ ಬಿಸಿಬೇಳೆ ಭಾತ್ ಬಡಿಸುವ ಆಂಟಿ ಎಂದರೆ ನಿಮಗೆ ನನ್ನ ಗುರುತು ಸಿಗಬಹುದು. ಓದಿದ್ದು ಬಿ.ಎ., ಅದೂ ಇಂಗ್ಲಿಷ್ ಸಾಹಿತ್ಯ. ಮದುವೆಯಾಗಿ ಮೈಸೂರಿನಿಂದ ಡೊಂಬಿವಲಿಗೆ ಬಂದ ಮೇಲೆ ಓದಿದ್ದಕ್ಕಿಂತ ಒಗ್ಗರಣೆ ಹಾಕಿದ್ದೇ ಹೆಚ್ಚು. ಇಂಥವಳು ರಸಾಯನಶಾಸ್ತ್ರದ ಬಗ್ಗೆ ಬರೆಯುವುದೇ ಎಂದು ನೀವು ನಕ್ಕರೆ ತಪ್ಪಿಲ್ಲ. ನನಗೂ ನಗು ಬರುತ್ತಿತ್ತು, ಮೂರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸದೇ ಹೋಗಿದ್ದರೆ.

ಸ್ಟೆಂಟ್ ಹಾಕಿ ಮನೆಗೆ ಕಳಿಸುವಾಗ ಕೈಗೆ ಒಂದು ಕಡತ ಕೊಟ್ಟರು. ಅದರಲ್ಲಿ ಒಂದು ಹಾಳೆಯ ತಲೆಬರಹ 'ಲಿಪಿಡ್ ಪ್ರೊಫೈಲ್'. ಅದೇ ವಾರ ಬಿ.ಎಸ್ಸಿ. ಓದುತ್ತಿದ್ದ ನನ್ನ ಮಗಳು ಊಟದ ಮೇಜಿನ ಮೇಲೆ ತೆರೆದಿಟ್ಟಿದ್ದ ಪುಸ್ತಕದಲ್ಲೂ ಅದೇ ಪದ ಕಣ್ಣಿಗೆ ಬಿತ್ತು. ಅಧ್ಯಾಯದಲ್ಲಿ ಎಣ್ಣೆಯಿತ್ತು, ತುಪ್ಪವಿತ್ತು, ಕರ್ಪೂರವಿತ್ತು, ನಿಂಬೆ ಸಿಪ್ಪೆಯ ಪರಿಮಳವಿತ್ತು, ಕೊನೆಗೆ ಕೊಲೆಸ್ಟರಾಲ್ ಮತ್ತು ಸ್ಟೀರಾಯ್ಡ್! "ಇದೇನೇ, ದೇವರ ಮನೆಯ ಸಾಮಾನು, ಅಡುಗೆಮನೆಯ ಸಾಮಾನು, ನಿನ್ನಪ್ಪನ ರಿಪೋರ್ಟು ಎಲ್ಲ ಒಂದೇ ಕಡೆ?" ಎಂದು ಕೇಳಿದೆ. "ಎಲ್ಲಾ ಒಂದೇ ಫ್ಯಾಮಿಲಿ ಅಮ್ಮಾ" ಎಂದಳು. ಆ ಬಳಗದ ಕಥೆಯನ್ನು ನಾನು ಅರ್ಥ ಮಾಡಿಕೊಂಡಷ್ಟು ನಿಮಗೆ ಹೇಳುತ್ತೇನೆ.

ನೀರಿಗೆ ಸೇರದವರು

ಈ ಬಳಗಕ್ಕೆ ಸೇರಲು ಮೊದಲ ಅರ್ಹತೆ, ನೀರಿನಲ್ಲಿ ಕರಗಬಾರದು, ಎಣ್ಣೆ, ಈಥರ್, ಪೆಟ್ರೋಲಿನಂಥವುಗಳಲ್ಲಿ ಕರಗಬೇಕು. ಕನ್ನಡದಲ್ಲಿ ಜಿಡ್ಡು ಎನ್ನುತ್ತೇವಲ್ಲ, ಅದೇ. ಎಣ್ಣೆ ಪಾತ್ರೆಯನ್ನು ಬರೀ ನೀರಿನಲ್ಲಿ ತೊಳೆದು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಜಿಡ್ಡಿನ ಒಳಗುಟ್ಟನ್ನು ಬಿಡಿಸಿದವರು ಫ್ರಾನ್ಸಿನ ಮಿಷೆಲ್ ಷೆವ್ರಲ್. ಸಾಬೂನನ್ನು ಪರೀಕ್ಷಿಸುತ್ತಾ ಹೋಗಿ, ಕೊಬ್ಬು ಎಂಬುದು ಒಂದೇ ವಸ್ತುವಲ್ಲ, ಗ್ಲಿಸರಿನ್ ಮತ್ತು ಕೊಬ್ಬಿನ ಆಮ್ಲಗಳು ಸೇರಿ ಆದದ್ದು ಎಂದು ಕಂಡುಕೊಂಡು 1823ರಲ್ಲಿ ಪುಸ್ತಕ ಬರೆದರು. ಪಿತ್ತಕೋಶದ ಕಲ್ಲಿನಲ್ಲಿ ಸಿಗುವ ಒಂದು ಬಿಳಿ ವಸ್ತುವಿಗೆ 'ಕೊಲೆಸ್ಟರೀನ್' ಎಂದು ಹೆಸರಿಟ್ಟವರೂ ಅವರೇ. ಕೊಬ್ಬನ್ನು ಅಷ್ಟು ಹಚ್ಚಿಕೊಂಡ ಮನುಷ್ಯ ಬದುಕಿದ್ದು 102 ವರ್ಷ!

ಒಂದು ಗ್ಲಿಸರಿನ್, ಅದಕ್ಕೆ ನೇತುಬಿದ್ದ ಮೂರು ಕೊಬ್ಬಿನ ಆಮ್ಲದ ಸರಪಳಿಗಳು. ನಾವು ತಿನ್ನುವ ಎಣ್ಣೆ, ತುಪ್ಪ, ಬೆಣ್ಣೆ ಎಲ್ಲದರ ರಚನೆಯೂ ಇಷ್ಟೇ. ರಿಪೋರ್ಟಿನಲ್ಲಿ ಬರುವ 'ಟ್ರೈಗ್ಲಿಸರೈಡ್' ಎಂದರೂ ಇದೇ. ಹಾಗಾದರೆ ಒಂದು ಗಟ್ಟಿ, ಒಂದು ನೀರು ಏಕೆ?

ಊದುಬತ್ತಿಯ ಕಟ್ಟನ್ನು ನೆನೆಸಿಕೊಳ್ಳಿ. ನೆಟ್ಟಗಿರುವ ಕಡ್ಡಿಗಳು ಒತ್ತೊತ್ತಾಗಿ ಕೂರುತ್ತವೆ. ಅದೇ ಬಾಗಿದ ಚಕ್ಕೆ ಕಡ್ಡಿಗಳನ್ನು ಕಟ್ಟಲು ಹೋದರೆ ನಡುವೆ ಸಂದು. ಇಂಗಾಲದ ಸರಪಳಿಯೂ ಹಾಗೆಯೇ. ಎಲ್ಲ ಕೈಗಳಲ್ಲೂ ಜಲಜನಕ ತುಂಬಿಕೊಂಡ ಸರಪಳಿ ನೆಟ್ಟಗಿರುತ್ತದೆ. ಇದೇ 'ಸ್ಯಾಚುರೇಟೆಡ್', ಅಂದರೆ ಹೊಟ್ಟೆ ತುಂಬಿದ ಕೊಬ್ಬು. ಎಲ್ಲೋ ಒಂದೆರಡು ಕಡೆ ಜಲಜನಕ ಕಡಿಮೆಯಾಗಿ ಇಂಗಾಲಗಳು ಪರಸ್ಪರ ಎರಡು ಕೈ ಹಿಡಿದುಕೊಂಡರೆ ಅಲ್ಲಿ ಸರಪಳಿ ಬಾಗುತ್ತದೆ. ಕಡಲೇಕಾಯಿ, ಸೂರ್ಯಕಾಂತಿ ಎಣ್ಣೆಗಳಲ್ಲಿ ಇಂಥ ಬಾಗಿದ ಸರಪಳಿಗಳೇ ಹೆಚ್ಚು, ಅದಕ್ಕೇ ಅವು ಚಳಿಗಾಲದಲ್ಲೂ ಹರಿಯುತ್ತವೆ.

ನಮ್ಮ ಅತ್ತೆಯವರ ಊರು ಕುಮಟಾ. ಮನೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲದ ದಿನವಿಲ್ಲ. ಅದರಲ್ಲಿ ಶೇಕಡಾ 90ರಷ್ಟು ನೆಟ್ಟಗಿನ ಸರಪಳಿಗಳು. ಆದರೆ ಹೆಚ್ಚಿನವು ಗಿಡ್ಡ. ಸುಮಾರು ಅರ್ಧದಷ್ಟಿರುವ ಲಾರಿಕ್ ಆಮ್ಲಕ್ಕೆ 12 ಇಂಗಾಲ ಮಾತ್ರ. ಆದ್ದರಿಂದ 24 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಜನವರಿಯ ಬೆಳಿಗ್ಗೆ ಶೀಶೆಯಲ್ಲಿ ಹೆಪ್ಪುಗಟ್ಟಿ, ಮಧ್ಯಾಹ್ನ ತಾನೇ ನೀರಾಗುವುದು ಇದಕ್ಕೇ. ತುಪ್ಪದಲ್ಲಿ 4 ಇಂಗಾಲದ ಪುಟ್ಟ ಸರಪಳಿಯಿಂದ ಹಿಡಿದು 18ರವರೆಗೂ ಎಲ್ಲ ಉಂಟು. ಬೇಗ ಗಟ್ಟಿಯಾಗುವವು ಮೊದಲು ಹರಳುಗಟ್ಟುತ್ತವೆ. ಊರ ತುಪ್ಪ ಮರಳುಮರಳಾಗಿ ಕಾಣುವುದು ಅದರಿಂದಲೇ. ಹಳಸಿದ ಬೆಣ್ಣೆಯ ಕೆಟ್ಟ ವಾಸನೆ ಆ 4 ಇಂಗಾಲದ ಪುಟ್ಟ ಆಮ್ಲ ಕಳಚಿಕೊಂಡು ಹೊರಬಂದದ್ದು.

ನಾನು ಮಾಡಿದ ತಪ್ಪು

ಈಗ ನನ್ನ ತಪ್ಪೊಪ್ಪಿಗೆ. ಯಜಮಾನರು ಆಸ್ಪತ್ರೆಯಿಂದ ಬಂದ ದಿನದಿಂದ ನಾನು ಅವರ ಅನ್ನಕ್ಕೆ ತುಪ್ಪ ನಿಲ್ಲಿಸಿದೆ. ಡಬ್ಬದ ಮೇಲೆ 'ಕೊಲೆಸ್ಟರಾಲ್ ಇಲ್ಲ' ಎಂದು ದೊಡ್ಡದಾಗಿ ಬರೆದಿದ್ದ ಎಣ್ಣೆ ತಂದೆ. ಆ ಧೈರ್ಯದ ಮೇಲೆ ವಾರಕ್ಕೆರಡು ಸಲ ಪೂರಿ, ಬಜ್ಜಿ. ಉಳಿದ ಎಣ್ಣೆಯನ್ನು ಸೋಸಿಟ್ಟು ಮರುದಿನಕ್ಕೆ. ಸಂಜೆ ಚಹಾದ ಜೊತೆ ಹತ್ತಿರದ ಬೇಕರಿಯ ಖಾರಿ, ಟೋಸ್ಟು. ಅದರಲ್ಲೇನು ತುಪ್ಪವಿದೆಯೇ, ತಿನ್ನಲಿ ಬಿಡಿ ಎಂದುಕೊಂಡೆ.

ಮಗಳು ಒಂದೊಂದಾಗಿ ನನ್ನ ಧೈರ್ಯವನ್ನು ಕಳೆದಳು. ಕೊಲೆಸ್ಟರಾಲ್ ಎಂಬುದು ಪ್ರಾಣಿಗಳ ದೇಹ ಮಾಡುವ ವಸ್ತು. ಯಾವ ಕಂಪನಿಯ ಕಡಲೇಕಾಯಿ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟರಾಲ್ ಇರುವುದಿಲ್ಲ. ಇಲ್ಲದ್ದನ್ನು ಇಲ್ಲವೆಂದು ಬರೆದು ಮಾರಿದರೆ ನಾನು ಸಂತೋಷಪಟ್ಟು ಕೊಂಡೆ!

ಎರಡನೆಯದು ಮತ್ತೆ ಮತ್ತೆ ಕಾಯಿಸಿದ ಎಣ್ಣೆ. ಬಾಗಿದ ಸರಪಳಿಯ ಬಾಗಿದ ಜಾಗವೇ ದುರ್ಬಲವಾದ ಜಾಗ. ಕಾವು, ಬೆಳಕು, ಗಾಳಿ ಸಿಕ್ಕರೆ ಆಮ್ಲಜನಕ ಅಲ್ಲೇ ಹೋಗಿ ಕಚ್ಚುತ್ತದೆ. ಎಣ್ಣೆ ಕಪ್ಪಾಗಿ, ಮಂದವಾಗಿ, ಕಮಟುತ್ತದೆ. ಕರಿಯುವ ಎಣ್ಣೆ ಎಷ್ಟು ಕೆಟ್ಟ ಮೇಲೆ ಬಿಸಾಡಬೇಕು ಎಂಬುದಕ್ಕೆ 2018ರ ಜುಲೈಯಿಂದ ನಮ್ಮ ದೇಶದಲ್ಲಿ ಕಾನೂನಿನ ಮಿತಿಯೇ ಇದೆ. ಹೋಟೆಲಿನವರಿಗೆ ಇರುವ ನಿಯಮ ನನ್ನ ಬಾಣಲೆಗೆ ಏಕೆ ಬೇಡ?

ಮೂರನೆಯದು ಆ ಬೇಕರಿಯ ಖಾರಿ. ನಮ್ಮ ಕಾಲದಲ್ಲಿ ತುಪ್ಪ ದುಬಾರಿಯೆಂದು ವನಸ್ಪತಿ ತರುತ್ತಿದ್ದೆವು. ದೀಪಾವಳಿಯ ಚಿರೋಟಿ, ಮದುವೆಯ ಲಾಡು ಎಲ್ಲ ಅದರಲ್ಲೇ. ದ್ರವ ಎಣ್ಣೆಗೆ ನಿಕ್ಕಲ್ ಪುಡಿ ಸೇರಿಸಿ, ಕಾಯಿಸಿ, ಜಲಜನಕ ಹಾಯಿಸಿದರೆ ಬಾಗಿದ ಸರಪಳಿಗಳು ನೆಟ್ಟಗಾಗಿ ಎಣ್ಣೆ ತುಪ್ಪದಂತೆ ಗಟ್ಟಿಯಾಗುತ್ತದೆ. ಆದರೆ ಕೆಲಸ ಅರ್ಧಕ್ಕೆ ನಿಲ್ಲಿಸಿದಾಗ ಕೆಲವು ಸರಪಳಿಗಳು ಜಲಜನಕವನ್ನೂ ತೆಗೆದುಕೊಳ್ಳದೆ, ಬಾಗನ್ನೂ ಉಳಿಸಿಕೊಳ್ಳದೆ, ಮಗ್ಗುಲು ಬದಲಿಸಿ ನೆಟ್ಟಗೆ ಕೂತುಬಿಡುತ್ತವೆ. ಇದೇ 'ಟ್ರಾನ್ಸ್ ಕೊಬ್ಬು'. ಇದು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ, ಒಳ್ಳೆಯದನ್ನು ಇಳಿಸುತ್ತದೆ, ಹೃದಯಕ್ಕೆ ಎರಡು ಕಡೆಯಿಂದಲೂ ಏಟು. 2022ರ ಜನವರಿಯಿಂದ ನಮ್ಮಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಇದು ಶೇಕಡಾ 2ಕ್ಕಿಂತ ಹೆಚ್ಚು ಇರಕೂಡದೆಂದು ನಿಯಮವಾಗಿದೆ. ಟ್ರಾನ್ಸ್ ಹೋದರೂ ಖಾರಿಯ ಪದರ ಪದರದಲ್ಲಿ ನೆಟ್ಟಗಿನ ಕೊಬ್ಬು ಇದ್ದೇ ಇರುತ್ತದೆ. ಒಂದು ಚಮಚ ತುಪ್ಪ ಕಿತ್ತುಕೊಂಡು ತಟ್ಟೆ ತುಂಬ ಖಾರಿ ಕೊಟ್ಟೆನಲ್ಲ ಎಂದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಐದರ ಮಗ್ಗಿ

ಬಳಗದ ಎರಡನೆಯ ಮನೆ ಟರ್ಪೀನುಗಳದ್ದು. ಟರ್ಪೆಂಟೈನ್ ಎಂಬ ಪದದಿಂದ ಬಂದ ಹೆಸರು. ಜರ್ಮನಿಯ ಬಾನ್ ನಗರದ ಪ್ರಯೋಗಶಾಲೆಯೊಂದರ ಬೀರುವಿನಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ ಸುಗಂಧ ತೈಲದ ಶೀಶೆಗಳನ್ನು ಒಟ್ಟೋ ವಾಲಕ್ ಎಂಬವರು ಕೈಗೆತ್ತಿಕೊಂಡರು. ಹೆಸರು ನೂರಾರು, ಆದರೆ ಒಳಗೆ ಇರುವುದು ಕೆಲವೇ ವಸ್ತುಗಳು, ಅವೆಲ್ಲವೂ 5 ಇಂಗಾಲದ ಒಂದೇ ಬಗೆಯ ಇಟ್ಟಿಗೆಯನ್ನು ಜೋಡಿಸಿ ಕಟ್ಟಿದವು ಎಂಬ ವಿಚಾರ ಅವರಿಂದ ಬಂತು. 1910ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಿಕ್ಕಿತು.

ನೀವು ಐದರ ಮಗ್ಗಿ ಹೇಳಿದರೆ ಸಾಕು. ಎರಡು ಇಟ್ಟಿಗೆ ಸೇರಿದರೆ 10: ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್, ಪುದೀನದ ಮೆಂಥಾಲ್, ಆರತಿಯ ಕರ್ಪೂರ, ಏಲಕ್ಕಿಯ ಸಿನಿಯೋಲ್. ಮೂರು ಸೇರಿದರೆ 15: ಶುಂಠಿಯ ಘಮ, ಗಂಧದ ಘಮ. ಆರು ಸೇರಿದರೆ 30, ಎಂಟು ಸೇರಿದರೆ 40: ಕ್ಯಾರೆಟ್ಟಿನ ಕೆಂಪು. ಸಾವಿರಾರು ಸೇರಿದರೆ ರಬ್ಬರ್!

ನಮ್ಮ ಅಜ್ಜಿಯರು ಮಗ್ಗಿಯನ್ನು ಈ ರೀತಿ ಕಲಿಯಲಿಲ್ಲ. ಆದರೆ ಜೀರಿಗೆ, ಕರಿಬೇವನ್ನು ಬಿಸಿ ಎಣ್ಣೆಗೆ ಹಾಕಿದರೆ ಮಾತ್ರ ಘಮ ಇಡೀ ಸಾರಿಗೆ ಹರಡುತ್ತದೆ ಎಂದು ಅವರಿಗೆ ಗೊತ್ತಿತ್ತು. ಜಿಡ್ಡಿನ ಬಳಗದವರು ನೀರಿಗೆ ಬಾರರು, ಎಣ್ಣೆಗೆ ಕೂಡಲೇ ಬರುತ್ತಾರೆ. ಕ್ಯಾರೆಟ್ ಕೋಸಂಬರಿಗೆ ತೆಂಗಿನತುರಿ ಮತ್ತು ಒಗ್ಗರಣೆ ಬೀಳುವುದು ರುಚಿಗಷ್ಟೇ ಅಲ್ಲ. ಕ್ಯಾರೋಟೀನ್ ಜಿಡ್ಡಿನ ಜೊತೆಗಿದ್ದರೇ ಕರುಳಿಗೆ ಚೆನ್ನಾಗಿ ಹತ್ತುತ್ತದೆ, ಮುಂದೆ ಎ ಜೀವಸತ್ವವಾಗುತ್ತದೆ. ಎಣ್ಣೆಯ ಹನಿಯೂ ಇಲ್ಲದ ಸಲಾಡ್ ತಿನ್ನುವ ನನ್ನ ಡಯಟ್ ಮಕ್ಕಳೇ, ಇದನ್ನು ಗಮನಿಸಿ. ಇನ್ನೊಂದು ಮಾತು: ಪೂಜೆಯ ಕರ್ಪೂರ ತಿನ್ನುವ ವಸ್ತುವಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಕೈಗೆ ಸಿಗದಂತೆ ಇಡಿ, ಬಾಯಿಗೆ ಹೋದರೆ ಸೆಳವು ಬರುವಷ್ಟು ಅಪಾಯ.

ಮೈಸೂರಿನ ಗಂಧ

ನಾನು ಮೈಸೂರಿನವಳು. ಗಂಧದ ಮಾತು ಬಂದ ಮೇಲೆ ಇಷ್ಟಕ್ಕೇ ಮುಗಿಸಲಾರೆ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗುವವರೆಗೂ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಹಡಗೇರಿ ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಅವರು ಎಣ್ಣೆ ತೆಗೆದು ಮಾರುತ್ತಿದ್ದರು. ಯುದ್ಧ ಬಂತು, ವ್ಯಾಪಾರ ನಿಂತಿತು, ಮರ ರಾಶಿಬಿತ್ತು. ಆಗ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ನಾವೇ ಏಕೆ ಎಣ್ಣೆ ತೆಗೆಯಬಾರದು ಎಂದು ಯೋಚಿಸಿದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ದಾರಿ ತೋರಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಮರದ ಪುಡಿಗೆ ಹಬೆ ಹಾಯಿಸಿದರೆ ನೀರಿನೊಡನೆ ತೈಲವೂ ಆವಿಯಾಗಿ ಬರುತ್ತದೆ. ತಣಿಸಿದಾಗ ನೀರು ಬೇರೆ, ತೈಲ ಬೇರೆ. ಆ ತೈಲದಲ್ಲಿ ಬಹುಪಾಲು ಇರುವುದು ಸ್ಯಾಂಟಲಾಲ್ ಎಂಬ 15 ಇಂಗಾಲದ ವಸ್ತು.

ಆಮೇಲೆ ಎಸ್.ಜಿ. ಶಾಸ್ತ್ರಿ ಎಂಬ ತಂತ್ರಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನು ಮಾಡುವ ವಿದ್ಯೆ ಕಲಿಸಿದರು. ಹೀಗೆ ಬಂತು ಮೈಸೂರು ಸ್ಯಾಂಡಲ್ ಸೋಪು. ನನ್ನ ತಾಯಿ ಹೊಸ ಸೋಪನ್ನು ಮೊದಲು ಸೀರೆಗಳ ನಡುವೆ ಇಟ್ಟು, ಸೀರೆಗೆಲ್ಲ ವಾಸನೆ ಹಿಡಿದ ಮೇಲೆ ಬಚ್ಚಲಿಗೆ ಕೊಡುತ್ತಿದ್ದರು. ಈಗ ನೋಡಿದರೆ ಆ ಒಂದು ಬಿಲ್ಲೆಯಲ್ಲಿ ಮಗಳ ಪುಸ್ತಕದ ಅರ್ಧ ಅಧ್ಯಾಯವಿತ್ತು. ಕೊಬ್ಬನ್ನು ಕ್ಷಾರದಲ್ಲಿ ಒಡೆದು ಮಾಡಿದ ಸಾಬೂನು, ಅದರೊಳಗೆ ಟರ್ಪೀನಿನ ಪರಿಮಳ.

ಇದೇ ವಿಜ್ಞಾನ ಸಂಸ್ಥೆಯಲ್ಲಿ 1925ರಿಂದ 1928ರವರೆಗೆ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಾನ್ ಸೈಮನ್‌ಸನ್ ಮುಂದೆ ಟರ್ಪೀನುಗಳ ಮೇಲೆ ಹಲವು ಸಂಪುಟಗಳ ದೊಡ್ಡ ಗ್ರಂಥ ಬರೆದರು. ಅಲ್ಲಿಯೇ ಕೆಲಸ ಶುರುಮಾಡಿದ ಸುಖದೇವ್ ಅವರು ಆಮೇಲೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಅದೇ ಕೆಲಸ ಮುಂದುವರಿಸಿ ಹೆಸರಾದರು. ಪುಣೆಯ ನಮ್ಮ ಮಕ್ಕಳು ಪಾಷಾಣ ರಸ್ತೆಯಲ್ಲಿ ಹೋಗುವಾಗ ನೆನೆಸಿಕೊಳ್ಳಿ.

ಮೂವತ್ತರಿಂದ ಇಪ್ಪತ್ತೇಳು

ಮಗ್ಗಿಯಲ್ಲಿ 30 ಎಂದು ಹೇಳಿ ಬಿಟ್ಟಿದ್ದೆ. ಆ 30 ಇಂಗಾಲದ ಸರಪಳಿಯ ಹೆಸರು ಸ್ಕ್ವಾಲೀನ್. ಷಾರ್ಕ್ ಮೀನಿನ ಯಕೃತ್ತಿನಲ್ಲಿ ಧಾರಾಳ, ನಮ್ಮ ದೇಹದಲ್ಲೂ ಉಂಟು. ಈ ಉದ್ದ ಸರಪಳಿ ತನ್ನನ್ನು ತಾನೇ ಮಡಿಚಿಕೊಂಡು ಜೇನುಗೂಡಿನ ಕೋಣೆಗಳಂತೆ ನಾಲ್ಕು ಉಂಗುರಗಳಾಗುತ್ತದೆ. ಮೂರು ಆರುಮೂಲೆಯವು, ಒಂದು ಐದುಮೂಲೆಯದು. ಆಮೇಲೆ ಮೂರು ಇಂಗಾಲ ಉದುರಿ 27 ಉಳಿದರೆ ಅದೇ ಕೊಲೆಸ್ಟರಾಲ್. ನಾಲ್ಕು ಉಂಗುರದ ಈ ಮನೆಯವರೆಲ್ಲರಿಗೂ ಸ್ಟೀರಾಯ್ಡ್ ಎಂದೇ ಹೆಸರು.

ಬಳಗದ ಮೂಲ ಎಲ್ಲಿದೆ ಗೊತ್ತೇ? ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ 2 ಇಂಗಾಲದ ತುಣುಕಿನಲ್ಲಿ. ಅದನ್ನು ಎರಡೆರಡಾಗಿ ಪೋಣಿಸಿದರೆ ಕೊಬ್ಬಿನ ಆಮ್ಲ, ಅದಕ್ಕೇ 4, 12, 16, 18 ಎಂಬ ಸರಿಸಂಖ್ಯೆಗಳು. ಮೂರು ತುಣುಕು ಸೇರಿಸಿ ಒಂದು ಇಂಗಾಲ ಕಳೆದರೆ ಆ 5ರ ಇಟ್ಟಿಗೆ. ಗಿಡಗಳಿಗೆ ಈ ಇಟ್ಟಿಗೆ ಮಾಡುವ ಬೇರೊಂದು ದಾರಿಯೂ ಇದೆ, ನಮಗೆ ಇರುವುದು ಇದೊಂದೇ. ಈ ದಾರಿಯನ್ನು ಹುಡುಕಿದ ಕಾನ್ರಾಡ್ ಬ್ಲಾಕ್ ಮತ್ತು ಫಿಯೋಡರ್ ಲೀನೆನ್ ಅವರಿಗೆ 1964ರಲ್ಲಿ ನೊಬೆಲ್ ಬಂತು.

ಕೊಲೆಸ್ಟರಾಲ್ ಎಂದರೆ ಬರೀ ಶತ್ರುವಲ್ಲ ಮಕ್ಕಳೇ. ಜೀವಕೋಶದ ಗೋಡೆಗೆ ಅದು ಬೇಕು. ಜಿಡ್ಡು ಜೀರ್ಣಿಸುವ ಪಿತ್ತರಸಕ್ಕೆ ಅದು ಬೇಕು. ಗಂಡಸು ಹೆಂಗಸರ ಹಾರ್ಮೋನುಗಳು ಅದರಿಂದಲೇ. ಕೊಲೆಸ್ಟರಾಲ್ ಆಗಲಿರುವ ಹಿಂದಿನ ಮೆಟ್ಟಿಲಿನ ವಸ್ತುವಿಗೆ ಚರ್ಮದಲ್ಲಿ ಬಿಸಿಲು ಬಿದ್ದರೆ ಡಿ ಜೀವಸತ್ವ. ಇಷ್ಟು ಬೇಕಾದ ವಸ್ತುವಾದ್ದರಿಂದ ದೇಹ ನಮ್ಮ ಊಟವನ್ನು ನಂಬಿ ಕೂರುವುದಿಲ್ಲ. ಹೆಚ್ಚಿನ ಪಾಲನ್ನು ತಾನೇ ತಯಾರಿಸುತ್ತದೆ. ರಕ್ತ ನೀರಿನಂಥದ್ದು, ಕೊಲೆಸ್ಟರಾಲ್ ನೀರಿಗೆ ಸೇರದು. ಆದ್ದರಿಂದ ಪ್ರೋಟೀನಿನ ಹೊದಿಕೆಯ ಮೂಟೆಗಳಲ್ಲಿ ಸಾಗಬೇಕು. ಎಲ್‌ಡಿಎಲ್ ಎಂಬ ಮೂಟೆಗಳು ಹೆಚ್ಚಾದರೆ ರಕ್ತನಾಳದ ಗೋಡೆಯಲ್ಲಿ ಸೇರಿಕೊಂಡು ದಾರಿ ಕಟ್ಟುತ್ತವೆ.

ಇದು ತಿಳಿಯದೆ ನಮ್ಮ ಮನೆಯಲ್ಲಿ ಆದದ್ದನ್ನು ಹೇಳಿಬಿಡುತ್ತೇನೆ. ಆಸ್ಪತ್ರೆಯಿಂದ ಬಂದ ಒಂಬತ್ತು ತಿಂಗಳಿಗೆ ಯಜಮಾನರ ಮೊಬೈಲಿಗೆ ಒಂದು ಸಂದೇಶ ಬಂತು. ಕೊಲೆಸ್ಟರಾಲಿನ ಮಾತ್ರೆ ವಿದೇಶೀ ಮೋಸ, ಬೆಳ್ಳುಳ್ಳಿ ಅಗಸೆ ಸಾಕು ಎಂದು. ಅವರು ನಮಗೆ ಯಾರಿಗೂ ಹೇಳದೆ ಮಾತ್ರೆ ಬಿಟ್ಟರು. "ತುಪ್ಪವನ್ನೇ ಬಿಟ್ಟಿದ್ದೇನಲ್ಲ, ಇನ್ನೆಲ್ಲಿಯ ಕೊಲೆಸ್ಟರಾಲು" ಎಂಬ ಲೆಕ್ಕ. ನಾಲ್ಕು ತಿಂಗಳ ನಂತರ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತರು. ಗುರುತಿಲ್ಲದ ಇಬ್ಬರು ಹುಡುಗರು ಆಟೋದಲ್ಲಿ ಕರೆದೊಯ್ದರು. 68 ಇದ್ದ ಎಲ್‌ಡಿಎಲ್ 149 ಆಗಿತ್ತು. ದೇವರ ದಯೆ, ಈ ಸಲವೂ ಉಳಿದರು.

ಮನೆಗೆ ಬಂದ ಮೇಲೆ ಮಗಳು ಹಳೆಯ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದಳು. "ಅಪ್ಪಾ, ನೀವು ತುಪ್ಪ ಬಿಟ್ಟರೂ ಕಾರ್ಖಾನೆ ಒಳಗೇ ಇದೆ. ಮೂರು ತುಣುಕು ಸೇರಿ ಇಟ್ಟಿಗೆ ಆಗುವ ಈ ಜಾಗದಲ್ಲಿ ನಿಮ್ಮ ಮಾತ್ರೆ ಬಾಗಿಲು ಹಾಕುತ್ತೆ. ಆಗ ಯಕೃತ್ತು ತನಗೆ ಬೇಕಾದ್ದನ್ನು ರಕ್ತದಿಂದಲೇ ಎಳ್ಕೊಳ್ಳುತ್ತೆ, ಅಲ್ಲಿ ಕಡಿಮೆಯಾಗುತ್ತೆ" ಎಂದಳು. ಈ ಬಗೆಯ ಮೊದಲ ವಸ್ತುವನ್ನು 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೋ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ ಒಂದು ಪೆನಿಸಿಲಿಯಂ ಬೂಷ್ಟಿನಲ್ಲಿ ಕಂಡುಹಿಡಿದರಂತೆ. "ಬೂಷ್ಟಿನದೇ? ಹಾಗಾದರೆ ನೈಸರ್ಗಿಕವೇ ಅನ್ನು" ಎಂದು ಯಜಮಾನರು ನಕ್ಕರು. ಅಂದಿನಿಂದ ಮಾತ್ರೆ ತಪ್ಪಿಸಿಲ್ಲ.

ನಿಮಗೆ ಎರಡು ಮಾತು

ಸ್ಟೀರಾಯ್ಡ್ ಎಂದರೆ ನಿಮಗೆ ಮೊದಲು ನೆನಪಾಗುವುದು ಜಿಮ್. ನನ್ನ ಅಕ್ಕನ ಮಗನೊಬ್ಬ ಆರು ತಿಂಗಳಲ್ಲಿ ತೋಳು ಬೆಳೆಸಲು ಯಾರೋ ಕೊಟ್ಟ ಇಂಜೆಕ್ಷನ್ ಚುಚ್ಚಿಸಿಕೊಂಡ. ಅದು ಗಂಡಸಿನ ಹಾರ್ಮೋನಿನದೇ ರೂಪ, ಅದೇ ನಾಲ್ಕು ಉಂಗುರ. ಹೊರಗಿನಿಂದ ಬಂದದ್ದು ಹೆಚ್ಚಾದಾಗ ದೇಹ ತನ್ನ ಸ್ವಂತ ತಯಾರಿಕೆಯನ್ನು ನಿಲ್ಲಿಸಿಬಿಡುತ್ತದೆ. ವೃಷಣ ಕುಗ್ಗುತ್ತದೆ, ಮಕ್ಕಳಾಗುವ ಶಕ್ತಿ ತಗ್ಗುತ್ತದೆ, ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ಇಪ್ಪತ್ತಾರರ ಹುಡುಗನ ಲಿಪಿಡ್ ರಿಪೋರ್ಟು ಅವನ ಚಿಕ್ಕಪ್ಪನ ರಿಪೋರ್ಟಿಗಿಂತ ಕೆಟ್ಟದಾಗಿತ್ತು. ನಾಚಿಕೊಂಡು ಮನೆಯಲ್ಲಿ ಹೇಳದೆ ಒಂದು ವರ್ಷ ಕಳೆದಿದ್ದ.

ಹೆಣ್ಣುಮಕ್ಕಳಿಗೆ ಇನ್ನೊಂದು. ಬೆಳ್ಳಗಾಗಲೆಂದು ಔಷಧದ ಅಂಗಡಿಯಿಂದ ತಂದು ಹಚ್ಚುವ ಮುಲಾಮುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಕೆಂಪೇರುತ್ತದೆ, ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ಪಟ್ಟಿ ಇದೆಯೆಂದು ಅಂಗಡಿಯವರು ಕೊಡದಿರುವುದಿಲ್ಲ, ನಾವೇ ಕೇಳದಿರಬೇಕು. ನಮ್ಮ ಮೈಬಣ್ಣಕ್ಕೆ ಏನು ಕೊರತೆಯಮ್ಮಾ?

ಹಾಗೆಂದು ಹೆಸರು ಕೇಳಿಯೇ ಹೆದರಬೇಡಿ. ಉಬ್ಬಸಕ್ಕೆ, ಕೀಲುವಾತಕ್ಕೆ ವೈದ್ಯರು ಲೆಕ್ಕ ಹಾಕಿ ಕೊಡುವ ಸ್ಟೀರಾಯ್ಡ್ ಜೀವ ಉಳಿಸಿದೆ. ಅದನ್ನೂ ನೀವಾಗಿ ಶುರುಮಾಡಬೇಡಿ, ನೀವಾಗಿ ನಿಲ್ಲಿಸಲೂ ಬೇಡಿ.

ಕೊನೆಯದಾಗಿ ಒಂದು ಕೆಲಸ ಒಪ್ಪಿಸುತ್ತೇನೆ. ನಿಮ್ಮ ಅಜ್ಜ, ಅಜ್ಜಿ, ಅಪ್ಪ, ಅಮ್ಮಂದಿರ ಲಿಪಿಡ್ ರಿಪೋರ್ಟು ಬೀರುವಿನಲ್ಲಿ ಎಲ್ಲೋ ಇದೆ. ಇಂಗ್ಲಿಷಿನಲ್ಲಿದೆಯೆಂದು ಅವರು ಓದಿಲ್ಲ, ಕೇಳಿದರೆ ಎಲ್ಲಿ ಹೆಡ್ಡತನವಾದೀತೋ ಎಂದು ವೈದ್ಯರನ್ನು ಕೇಳಿಲ್ಲ. ಈ ಭಾನುವಾರ ಅದನ್ನು ತೆಗೆದು, ಪಕ್ಕದಲ್ಲಿ ಕೂತು, ನಿಮಗೆ ಬಂದಷ್ಟು ಕನ್ನಡದಲ್ಲಿ ಹೇಳಿ. ತಪ್ಪಾದರೆ ಪರವಾಗಿಲ್ಲ, ಅವರು ತಿದ್ದುತ್ತಾರೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದೂ ಮೆಲ್ಲಗೆ ಕೇಳಿ.

ನಮ್ಮ ಮನೆಯಲ್ಲಿ ಈಗ ವೈದ್ಯರನ್ನು ಕೇಳಿಯೇ ಯಜಮಾನರ ಬಿಸಿ ಅನ್ನಕ್ಕೆ ಒಂದು ಚಿಕ್ಕ ಚಮಚ ತುಪ್ಪ ಮರಳಿ ಬಂದಿದೆ. ತುಪ್ಪದಲ್ಲೂ ಅರ್ಧಕ್ಕಿಂತ ಹೆಚ್ಚು ನೆಟ್ಟಗಿನ ಸರಪಳಿಗಳೇ, ಆದ್ದರಿಂದ ಎರಡನೆಯ ಚಮಚ ಕೇಳಿದರೆ ಕೊಡುವುದಿಲ್ಲ. ಖಾರಿ ಬಂದಿಲ್ಲ. ಬಾಣಲೆಯ ಎಣ್ಣೆ ಮರುದಿನಕ್ಕೆ ಉಳಿಯುವುದಿಲ್ಲ.